ಗಿಳಿಗಳಿಗೆ ಕೊಳಲು ಕೇಳಿಸಿದ ಕಂಪನಿಯವರಿಗೆ

ಮಾನ್ಯ ಗ್ರಾಹಕ ಸೇವಾ ಮುಖ್ಯಸ್ಥರೇ,

ನವಲಗುಂದ ತಾಲೂಕು ತಿರ್ಲಾಪುರದ ರೈತ ಮಂಜಪ್ಪನು, ತಮ್ಮ ತಂಪು ಕೋಣೆಗೆ ನಮ್ಮ ಎರಿಹೊಲದ ಧೂಳು ತಾಗದಷ್ಟು ದೂರದಲ್ಲಿ ನಿಂತು, ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಅಂಗೈಯಗಲದ ಹಾಡಿನ ಪ್ಲೇಯರು ನಮ್ಮ ಮನೆಗೆ ಬಂದು ಎರಡು ವಾರವೂ ತುಂಬಿಲ್ಲ. ಅಷ್ಟರಲ್ಲೇ ನಮ್ಮ ಸೀಮೆಯ ಗಿಳಿಗಳು ಬಲು ದುಂಡಗಾಗಿವೆ.

ನಾವು ಅದನ್ನು ಹಾಡಿಗಾಗಿ ಕೊಂಡವರಲ್ಲ. ನನ್ನ ಹೆಂಡತಿ ಫಕೀರವ್ವ ಇಪ್ಪತ್ತು ವರ್ಷದಿಂದ ಜೋಳದ ಹೊಲದಲ್ಲಿ ನಿಂತು ಬರಿಯ ಕೂಗಿನಿಂದಲೇ ಹಕ್ಕಿ ಓಡಿಸಿದವಳು. ಈ ಸಲ ತೆನೆಯಲ್ಲಿ ಹಾಲುಗಾಳು ಕಟ್ಟುವ ಹೊತ್ತಿಗೆ ಅವಳ ಗಂಟಲು ಬಾತು, ಹದಿನೈದು ದಿನ ಮಾತನ್ನೇ ಆಡಕೂಡದೆಂದು ಡಾಕ್ಟರು ಹೇಳಿದರು. ಬಾಯಿ ಮುಚ್ಚುವ ಮುನ್ನ ಅವಳು ತಮ್ಮ ಪ್ಲೇಯರಿನಲ್ಲಿ ಒಂದೇ ಒಂದು ಕೂಗು ತುಂಬಿಟ್ಟಳು: “ಹೋ... ಹೋ! ನಿಮ್ಮಪ್ಪನ ಹೊಲ ಅಂತ ತಿಳದೀರೇನ್ಲೇ? ಏಳ್ರಲೇ ಮ್ಯಾಲೆ!” ಅದನ್ನು ಸ್ಪೀಕರಿಗೆ ಜೋಡಿಸಿ ಬದುವಿನ ಕಂಬಕ್ಕೆ ಕಟ್ಟಿದೆ. ಮೊದಲ ದಿನ ಗಿಳಿಗಳಷ್ಟೇ ಅಲ್ಲ, ಬಾಜು ಹೊಲದ ಈರಬಸಪ್ಪನೂ ಎದ್ದು ನಿಂತ.

ಎರಡನೆಯ ದಿನ ಪ್ಲೇಯರು ಮೂಕವಾಯಿತು. ತಮ್ಮ ಸಹಾಯವಾಣಿಯ ಹೆಣ್ಣುಮಗಳು ಸಕ್ಕರೆಯಂಥ ದನಿಯಲ್ಲಿ, “ಸರ್, ಹಿಂದುಗಡೆ ಸಣ್ಣ ತೂತಿದೆ, ಪಿನ್ ಚುಚ್ಚಿ ರಿಸೆಟ್ ಮಾಡಿ” ಎಂದಳು. ಜಾಲಿಮುಳ್ಳಿನಿಂದ ಚುಚ್ಚಿದೆ. ಜೀವ ಬಂತು, ಸಂಜೆಗೆ ಹೋಯಿತು. ಮತ್ತೆ ಫೋನು, ಮತ್ತೆ ಮುಳ್ಳು. ಈ ಸಲ ಕೂಗು ಎಷ್ಟು ನಿಧಾನವಾಗಿ ಹೊರಟಿತೆಂದರೆ, ನನ್ನ ಹೆಂಡತಿ ಮುದಿ ಕೋಣದ ಹಾಗೆ ನರಳಿದಳು. ಮೂರನೆಯ ಸಲ, “ಒತ್ತಿ ಹಿಡೀರಿ ಸರ್, ಹೊಸದರ ಥರಾನೇ ಆಗುತ್ತೆ” ಎಂಬ ಅಪ್ಪಣೆಯಾಯಿತು. ಹಾಗೆಯೇ ಆಯಿತು. ಕೂಗು ಪೂರಾ ಅಳಿಸಿಹೋಗಿ, ತಾವು ಮಾದರಿಗೆಂದು ತುಂಬಿಟ್ಟ ಕೊಳಲಿನ ರಾಗವೊಂದೇ ಉಳಿಯಿತು.

“ಯವ್ವಾ, ನನ್ನ ಹೇಣ್ತಿ ದನಿ ಎಲ್ಲಿ ಹೋತ್ರಿ?” ಎಂದು ಕೇಳಿದೆ.

“ಬ್ಯಾಕಪ್ ಇಟ್ಕೊಂಡಿದ್ದೀರಾ ಸರ್?” ಎಂದಳು.

ಬ್ಯಾಕಪ್ಪು ಒಲೆಯ ಮುಂದೆ ಬಾಯಿಗೆ ಸೆರಗೊತ್ತಿಕೊಂಡು ಕೂತಿತ್ತು.

ಆ ಕೊಳಲಿನ ಮಾಧುರ್ಯವನ್ನು ಎಷ್ಟು ಹೊಗಳಿದರೂ ಕಡಿಮೆ. ತೆನೆಗೊಂದರಂತೆ ಕೂತ ಗಿಳಿಗಳು ರಾಗ ಮುಗಿಯುವವರೆಗೂ ಕೊಕ್ಕು ಎತ್ತುತ್ತಿರಲಿಲ್ಲ. ನಾನೇ ಕೂಗಿ ನೋಡಿದೆ. ಒಂದೂ ತಿರುಗಿ ನೋಡಲಿಲ್ಲ. ಆದ್ದರಿಂದ ತಮ್ಮ ತಜ್ಞರು ದಯಮಾಡಿ, ಗಿಳಿಗಳನ್ನು ರಿಸೆಟ್ ಮಾಡುವ ತೂತು ಅವುಗಳ ಮೈಮೇಲೆ ಎಲ್ಲಿದೆ ಎಂಬುದನ್ನಾದರೂ ತಿಳಿಸಬೇಕು.

ನಿನ್ನೆ ಫಕೀರವ್ವ ಈರಬಸಪ್ಪನ ಕವಣೆ ಇಸಿದುಕೊಂಡು ತಾನೇ ಹೊಲಕ್ಕೆ ಬಂದಳು. ಮೂಡಣ ಬದುವಿನ ಸಾಲುಗಳೆಲ್ಲ ಬರಿ ಹೊಟ್ಟಾಗಿದ್ದವು. ಕಾಳಿಲ್ಲದ ತೆನೆಯೊಂದನ್ನು ಅಂಗೈಯಲ್ಲಿಟ್ಟು ಸವರಿದಳು, ಕಣ್ಣು ತುಂಬಿತು. ನಾನು ನಾಲ್ಕನೆಯ ಸಲ ಮುಳ್ಳು ತೆಗೆದೆ. ಅವಳು ಪ್ಲೇಯರನ್ನು ಕಸಿದು, ವೈರು ಕಿತ್ತೊಗೆದು, ಕಲ್ಲಿನ ಬದಲು ಅದನ್ನೇ ಕವಣೆಗಿಟ್ಟು, ಮೂರು ಸುತ್ತು ಬೀಸಿ ಬಿಟ್ಟಳು. ಇಡೀ ಹಿಂಡು ಚೀರುತ್ತಾ ಎದ್ದು ಹಳ್ಳ ದಾಟಿತು.

ಮಾತು ಬಿಟ್ಟ ಹನ್ನೆರಡನೆಯ ದಿನವೇ ಡಾಕ್ಟರ ಅಪ್ಪಣೆ ಮುರಿದು, ಒಡಕು ದನಿಯಲ್ಲಿ ಅವಳೆಂದಳು: “ಈಗ ಕೆಲಸಾ ಮಾಡಿತು ನೋಡ್ರಿ.”

ಗಿಳಿ ತಿಂದು ಉಳಿದಷ್ಟರ ಮಟ್ಟಿಗೆ,
ತಮ್ಮ ವಿಶ್ವಾಸಿ,
ಮಂಜಪ್ಪ

ತಾ.ಕ.: ಪರಿಶೀಲನೆಗೆ ಪ್ಲೇಯರನ್ನು ಮರಳಿ ಕಳಿಸಬೇಕೆಂದು ಇಂದು ತಮ್ಮಿಂದ ಸಂದೇಶ ಬಂದಿದೆ. ಅದು ಹಳ್ಳದ ಆಚೆ ಎಲ್ಲೋ ಬಿದ್ದಿದೆ. ತಾವೇ ಬಂದು ಹುಡುಕಿಕೊಳ್ಳಬಹುದು. ಬರುವಾಗ ಬಗ್ಗಿ ಬನ್ನಿ, ಫಕೀರವ್ವನ ಗುರಿ ಈಗಷ್ಟೇ ಕುದುರಿದೆ.