ಬೂಷ್ಟು ಬೇಕಾಗಿದೆ

ಕಡಲೇಕಾಯಿ ಆರಿಸುವುದರಲ್ಲಿ ರತ್ನಗಿರಿ ಕೋಟೆಯ ಸುತ್ತಮುತ್ತ ನನ್ನನ್ನು ಮೀರಿಸಿದವರಿಲ್ಲ. ಇದನ್ನು ನಾನಾಗಿ ಹೇಳಿಕೊಳ್ಳುವವಳಲ್ಲ. ನಲವತ್ತು ವರ್ಷದಿಂದ ಆಗಾಗ ಜ್ಞಾಪಿಸುತ್ತೇನೆ, ಅಷ್ಟೇ!

ನಾನು ಓದಿದ್ದು ಮೂರನೇ ಕ್ಲಾಸು. ನನ್ನ ಮಗಳು ಗಂಗಮ್ಮ ರಾಯದುರ್ಗಕ್ಕೆ ಹೋಗಿ ಜೀನ್ಸ್ ಪ್ಯಾಂಟು ಹೊಲಿದೂ ಹೊಲಿದೂ ತನ್ನ ಮಗಳು ಪಲ್ಲವಿಯನ್ನು ದೊಡ್ಡ ಕಾಲೇಜಿಗೆ ಸೇರಿಸಿದಳು. ನಮ್ಮ ವಂಶದಲ್ಲಿ ಅಷ್ಟು ಓದಿದವರೇ ಇಲ್ಲ. ಸಂತೋಷ ತಡೆಯಲಾರದೆ ಬೀದಿಗೆಲ್ಲ ಸಕ್ಕರೆ ಹಂಚಿದೆ.

“ಏನು ಓದ್ತಾಳಕ್ಕಾ ಮೊಮ್ಮಗಳು?” ಎಂದಳು ಎದುರುಮನೆಯ ನರಸಮ್ಮ.

“ಬೂಷ್ಟು!” ಎಂದೆ, ಎದೆಯುಬ್ಬಿಸಿ.

ನರಸಮ್ಮ ಬಾಯಲ್ಲಿದ್ದ ಸಕ್ಕರೆಯನ್ನು ನುಂಗಲೋ ಉಗುಳಲೋ ಎಂದು ನಿಂತುಬಿಟ್ಟಳು.

ಒಂದು ದಿನ ಪಲ್ಲವಿಯ ಫೋನು ಬಂತು. ರಾಯದುರ್ಗದಲ್ಲಿ ಬೆಳೆದವಳು, ಮಾತೂ ಅಲ್ಲಿಯದೇ.

“ಅಜ್ಜೀ, ನನಗ ಬೂಷ್ಟು ಹಿಡಿದ ಶೇಂಗಾ ಬೇಕ್ರಿ. ಐದು ಮನ್ಯಾಗಿಂದು. ತೊಳೀಬ್ಯಾಡ್ರಿ, ಆರಿಸಬ್ಯಾಡ್ರಿ, ಬಿಸಿಲಿಗೆ ಹಾಕಬ್ಯಾಡ್ರಿ. ಇದ್ದಂಗ ಕಳಸ್ರಿ.”

“ಅದನ್ನ ತಗಂಡು ಏನ್ ಮಾಡ್ತೀಯವ್ವಾ?”

“ಕಾಲೇಜಿನ್ಯಾಗ ಪರೀಕ್ಷೆ ಮಾಡ್ತೀನ್ರಿ. ಎಲ್ಲಾ ಬೂಷ್ಟೂ ವಿಷ ಮಾಡಂಗಿಲ್ರಿ. ಮಾಡೋದೂ ಯಾವಾಗ್ಲೂ ಮಾಡಂಗಿಲ್ಲ. ಅಮ್ಮನ ಗಾರ್ಮೆಂಟ್ ಯೂನಿಟ್ ನೋಡೀರಲ್ಲ? ಒಬ್ಬಾಕಿ ಜಿಪ್ ಹಚ್ತಾಳ, ಒಬ್ಬಾಕಿ ಜೇಬು, ಒಬ್ಬಾಕಿ ಗುಂಡಿ. ಬೂಷ್ಟಿನೊಳಗ ವಿಷ ತಯಾರಾಗೋದೂ ಹಂಗ, ಸಾಲಾಗಿ ಕುಂತ ಜೀನುಗಳಿಂದ. ಅವಕ್ಕೆಲ್ಲಾ ಒಂದು ಸೂಪರ್‌ವೈಸರ್ ಜೀನು ಐತಿ. ಅದು ತಾನು ಏನೂ ಹೊಲಿಯಂಗಿಲ್ಲ, ಬರೇ ಒದರತೈತಿ. ಒದರಿದ್ರ ಲೈನು ಶುರು! ನೀರಿಲ್ದ ಗಿಡ ಬಾಡಿದಾಗ, ಕಾಯಿ ಹಸಿ ಇದ್ದಾಗ ಜೋರಾಗಿ ಒದರತೈತಿ. ಅದರ ಬಾಯಿ ಹೆಂಗ ಮುಚ್ಚಿಸ್ಬೇಕು, ಅದೇ ನನ್ನ ಕೆಲಸ.”

“ಏನೂ ಮಾಡ್ದೆ ಬರೀ ಕೂಗಾಡೋದು ಅಂದ್ರೆ...” ಎಂದು, ಸ್ಪೀಕರಿನಲ್ಲಿ ಕೇಳುತ್ತಿದ್ದ ನಮ್ಮ ಯಜಮಾನರು ನನ್ನ ಕಡೆ ನೋಡಿದರು. ನಾನೂ ನೋಡಿದೆ. ಅವರು ಕೂಡಲೇ ಕೋಟೆಯ ಕಡೆ ನೋಡಿದರು.

ಮಗಳು ಜೀನ್ಸ್ ತುಂಡಿನಲ್ಲಿ ಹೊಲಿದ ಐದು ಚೀಲ ಬಸ್ಸಿನಲ್ಲಿ ಬಂದವು. ಆದರೆ ನೀವೇ ಹೇಳಿ, ಇರುವ ಒಬ್ಬಳೇ ಮೊಮ್ಮಗಳಿಗೆ ಬೂಷ್ಟು ಹಿಡಿದ ಕಾಯಿ ಕಳಿಸುವುದುಂಟೇ? ಕೈ ಬರಲಿಲ್ಲ. ಮೊರದಲ್ಲಿ ಕೇರಿ, ಒಂದೊಂದನ್ನೇ ಆರಿಸಿ, ಬಟ್ಟೆಯಲ್ಲಿ ಒರೆಸಿ, ಎರಡು ದಿನ ಬಿಸಿಲು ತೋರಿಸಿ, ಐದೂ ಚೀಲ ತುಂಬಿದೆ. ಮೇಲೆ ನಾಲ್ಕು ಬೆಲ್ಲದುಂಡೆ. ಚೀಲ ಸೇರಿದ ದಿನವೇ ಫೋನು ಬಂತು.

“ಅಜ್ಜೀ, ಇದು ಯಾಕ ಹಿಂಗ್ ಮಾಡಿದ್ರಿ? ಒಂದೂ ಕೆಟ್ಟಿಲ್ಲ!”

“ಹೊಗಳಿದ್ದು ಸಾಕು ಬಿಡವ್ವ, ನಮ್ಮನೆ ಕಾಯಿ ಅಂದ್ರೆ ಹಂಗೇ.”

ಆ ಕಡೆ ಅಳು ಕೇಳಿತು. ಬರುವ ಸೋಮವಾರ ಕಾಲೇಜಿನಲ್ಲಿ ಬೂಷ್ಟು ತೋರಿಸದಿದ್ದರೆ ಅವಳಿಗೆ ಒಂದು ವರ್ಷ ಹಾಳಂತೆ! ಸೆರಗು ಬಿಗಿದು ಹೊರಟೆ.

“ನರಸಮ್ಮಾ, ನಿಮ್ಮನೇಲಿ ಬೂಷ್ಟು ಹಿಡಿದಿರೋ ಕಡ್ಲೇಕಾಯಿ ಐತೇನೇ?”

“ನಮ್ಮನೇಲಾ? ಮಗನಿಗೆ ಹೆಣ್ಣು ನೋಡ್ತಿರೋ ಹೊತ್ನಾಗೆ ಇಂಥ ಮಾತಾ? ನಿಮ್ಮನೇಲೇ ನೋಡ್ಕಳಕ್ಕ!”

ಬೂಷ್ಟು ಇದೆಯೇ ಎಂದು ಕೇಳುವುದೂ, ನಿನ್ನ ಮನೆ ಗಲೀಜು ಎನ್ನುವುದೂ ನಮ್ಮ ಕಡೆ ಒಂದೇ ಎಂಬುದು ಹತ್ತನೇ ಮನೆಯ ಬಾಗಿಲು ಮುಚ್ಚಿದ ಮೇಲೆ ಹೊಳೆಯಿತು. ಸಂಜೆ ನಲ್ಲಿಯ ಹತ್ತಿರ ನನ್ನ ಬಿಂದಿಗೆಗೆ ಯಾರೂ ಜಾಗ ಬಿಡಲಿಲ್ಲ.

ಸರಿ, ನಾನೇ ಬೆಳೆಯುತ್ತೇನೆ ಎಂದುಕೊಂಡೆ. ರಾಗಿ ಬೆಳೆದಿದ್ದೇನೆ, ರೇಷ್ಮೆಹುಳ ಸಾಕಿದ್ದೇನೆ, ಬೂಷ್ಟು ಯಾವ ಲೆಕ್ಕ? ಬೀಜ ನೆನೆಸಿ, ಒದ್ದೆ ಬಟ್ಟೆ ಹೊದಿಸಿ, ಬಚ್ಚಲೊಲೆಯ ಪಕ್ಕ ಬೆಚ್ಚಗಿಟ್ಟೆ. ಮೂರನೇ ದಿನ ಬಟ್ಟೆ ತೆಗೆದರೆ ಮುದ್ದುಮುದ್ದಾದ ಬಿಳಿ ಮೊಳಕೆ! ಯಜಮಾನರು ಉಪ್ಪು ಹಚ್ಚಿಕೊಂಡು ಅರ್ಧ ಬಟ್ಟಲು ಖಾಲಿ ಮಾಡಿದರು.

“ಮೊಮ್ಮಗಳ ಓದು ಚೆನ್ನಾಗೈತೆ ಕಣೇ. ಒಗ್ಗರಣೆ ಬಿದ್ದಿದ್ರೆ ಇನ್ನೂ ಚೆನ್ನಾಗಿರೋದು.”

ಭಾನುವಾರ ಪಲ್ಲವಿಯೇ ಬಂದಳು. ಮುಖ ಬಾಡಿತ್ತು. “ಅಜ್ಜೀ, ಬಿತ್ತನೆ ಬೀಜ ಎಲ್ಲಿಟ್ಟೀರಿ?”

ನಮ್ಮ ಬಿತ್ತನೆ ಬೀಜ ವಾಡೆಯಲ್ಲಿರುತ್ತದೆ. ಆಳೆತ್ತರದ ಮಣ್ಣಿನ ಗುಡಾಣ. ಮುಚ್ಚಳಕ್ಕೆ ಸಗಣಿ ಮೆತ್ತಿದರೆ ಬಿತ್ತನೆಯವರೆಗೆ ತೆಗೆಯುವಂತಿಲ್ಲ. ಆ ವರ್ಷ ಮಳೆ ಕೈಕೊಟ್ಟು ಗಿಡ ಬಾಡಿತ್ತು, ಕಿತ್ತಾಗ ಹನಿ ಬಿದ್ದು ಕಾಯಿ ಹಸಿಯಾಗಿತ್ತು. ಆದರೂ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ವಾಡೆ ಮೆತ್ತಿದವಳು ನಾನೇ! ಮನೆ ಎಂದರೆ ಹೇಗಿರಬೇಕು ಎಂದು ಎಲ್ಲರೂ ನೋಡಲಿ ಎಂದು ನರಸಮ್ಮನನ್ನೂ ಬೀದಿಯವರನ್ನೂ ಕೂಗಿ ಕರೆದು, ಅವರ ಮುಂದೆಯೇ ಮುಚ್ಚಳ ತೆಗೆಸಿದೆ.

ಹಸಿರು ಹೊಗೆ ಎದ್ದಿತು!

“ಮೂಗು ಮುಚ್ಚಿಕೊಳ್ರೆಲ್ಲಾರೂ!” ಎಂದು ಕಿರುಚಿದ ಪಲ್ಲವಿ ಒಳಗೆ ಬಗ್ಗಿ ನೋಡಿ ಕುಣಿದೇಬಿಟ್ಟಳು. “ಅಜ್ಜೀ! ಬಂಗಾರದಂಥಾ ಬೂಷ್ಟು ಐತ್ರೀ!”

ನರಸಮ್ಮ ಮೂಗು ಮುಚ್ಚಿಕೊಂಡು ವಾಡೆಯೊಳಗೆ ಇಣುಕಿದಳು. “ಅಷ್ಟೇನಾ? ನಮ್ಮ ಅಟ್ಟದ ಮೇಲಿರೋದು ಇನ್ನೂ ಹಸಿರಾಗೈತೆ.”

“ನಮ್ಮದು ಗಂಟು ಕಟ್ಟೈತೆ!” ಎಂದಿತು ಇನ್ನೊಂದು ದನಿ. ಕಾಲು ಗಂಟೆಯೊಳಗೆ ಐದು ಮನೆಯ ಐದು ಚೀಲ ತುಂಬಿದವು. ಸೋಮವಾರ ಮೊಮ್ಮಗಳು ಗೆದ್ದಳು. ನಾನು ಮತ್ತೆ ಸಕ್ಕರೆ ಹಂಚಿದೆ.

ತಿಂಗಳಾದ ಮೇಲೆ ಪಲ್ಲವಿಯ ಫೋನು ಬಂತು. ನರಸಮ್ಮನ ಬೂಷ್ಟು ಸಾಧು, ವಿಷವೇ ಇಲ್ಲವಂತೆ. ನಮ್ಮದರಲ್ಲಿ ಮಾತ್ರ ಸೂಪರ್‌ವೈಸರ್ ಗಂಟಲು ಹರಿಯುವಂತೆ ಒದರುತ್ತಿದ್ದಾನಂತೆ! ಐದು ಮನೆಗೆ ನಮ್ಮ ವಿಷವೇ ಮೊದಲು. “ಹುರಿದ್ರೂ ಹೋಗಂಗಿಲ್ಲ ಅಜ್ಜಿ, ವಾಡೆದಾಗಿಂದು ಒಂದು ಕಾಳೂ ತಿನಬ್ಯಾಡ್ರಿ” ಎಂದಳು. ಹೊಂಡ ತೋಡಿ ಎಲ್ಲವನ್ನೂ ಹೂಳಿದೆವು. ಯಜಮಾನರು ಕೋಟೆಯ ಕಡೆ ನೋಡಿ ನಗುತ್ತಿದ್ದರು.

ಈಗ ಚಟ್ನಿಗೆ ಕಡಲೇಕಾಯಿ ನರಸಮ್ಮನ ಮನೆಯಿಂದಲೇ ಬರುತ್ತದೆ. ಕೊಡುವಾಗಲೆಲ್ಲ ಬೀದಿಗೆಲ್ಲ ಕೇಳುವಂತೆ ಒಂದು ಮಾತು ಹೇಳುತ್ತಾಳೆ.

“ನಾನೇ ಆರಿಸಿದೀನಕ್ಕ, ಹೆದರ್ಕಬ್ಯಾಡ!”