ಭೂಮಿತಾಯಿಯ ಪಾಲಿನ ಸಪ್ಪೆ ಊಟ

ಗಂಡನ ಮನೆಗೆ ಹೊಂದಿಕೊಳ್ಳುವುದೆಂದರೆ ಗಂಡನಿಗೆ ಹೊಂದಿಕೊಳ್ಳುವುದಲ್ಲ, ಆ ಮನೆಯ ಖಾರಕ್ಕೆ ಹೊಂದಿಕೊಳ್ಳುವುದು. ಗಂಡ ಹೇಗೋ ಒಂದೆರಡು ವರ್ಷದಲ್ಲಿ ದಾರಿಗೆ ಬರುತ್ತಾನೆ, ಅಡುಗೆಮನೆ ಬರುವುದಿಲ್ಲ. ನನ್ನ ತವರು ಹರಿಹರದ ಹತ್ತಿರದ ಕೊಂಡಜ್ಜಿ, ಬಂದು ಸೇರಿದ್ದು ದಾವಣಗೆರೆಯ ಶಾಮನೂರು. ನಡುವೆ ಇರುವುದು ಬಸ್ಸಿನಲ್ಲಿ ಒಂದು ನಿದ್ದೆಗೂ ಸಾಲದ ದೂರ. ಆದರೂ ಸೀಗೆ ಹುಣ್ಣಿಮೆ ಬಂತೆಂದರೆ ನಾನೂ ನಮ್ಮ ಅತ್ತೆಯೂ ಬೇರೆ ಬೇರೆ ದೇಶದವರಾಗಿಬಿಡುತ್ತಿದ್ದೆವು.

ಅದು ಭೂಮಿತಾಯಿಯ ಬಯಕೆ ಊಟದ ಹಬ್ಬ. ಪೈರು ತೆನೆಗಟ್ಟುವ ಹೊತ್ತು, ಆಕೆ ತುಂಬು ಬಸುರಿ. ಅನ್ನ, ಬೇಯಿಸಿದ ಸೊಪ್ಪು, ಕುಂಬಳಕಾಯಿ, ಕಡುಬಿನ ಚೂರು ಎಲ್ಲ ಕಲಸಿ ಹೊಲದ ತುಂಬ ಎರಚಿ ಬರಬೇಕು, ಅದೇ ಚರಗ. ಆಕೆ ಉಂಡ ಮೇಲೆ ಮನೆಯವರ ಊಟ. ಅಲ್ಲಿಯತನಕ ಉಪ್ಪು ನೋಡುವುದಕ್ಕೂ ನಾಲಿಗೆಗೆ ಇಡುವಂತಿಲ್ಲ. ನಮ್ಮ ತವರಲ್ಲಿ ಚರಗಕ್ಕೆ ಹಸಿಮೆಣಸಿನಕಾಯಿ ಅರೆದು, ಹುಣಸೆಹುಳಿ ಹಿಂಡುತ್ತಿದ್ದರು, ಬಸುರಿಯ ಬಾಯಿ ಕೆಟ್ಟಿರುತ್ತದಲ್ಲ ಎಂದು. ಅತ್ತೆ ಮಾತ್ರ ಮೆಣಸಿನಕಾಯಿಯನ್ನು ಹತ್ತಿರವೂ ಬಿಟ್ಟುಕೊಳ್ಳುತ್ತಿರಲಿಲ್ಲ.

"ಬಸುರಿಗೆ ಖಾರ ಹಾಕ್ತಾರೇನವ್ವ? ನಿಮ್ಮ ಕಡೆ ಹೆಣ್ಮಕ್ಳು ಹೆಂಗೆ ಬಾಣಂತನ ದಾಟ್ತೀರೋ."

"ದಾಟಿನೇ ನಿಮಗೆ ಇಬ್ರು ಮೊಮ್ಮಕ್ಳು ಕೊಟ್ಟೀನಲ್ರಿ ಅತ್ತಿ," ಎನ್ನುತ್ತಿದ್ದೆ. ಪ್ರತಿವರ್ಷ ಇದೇ ಮಾತು, ಪ್ರತಿವರ್ಷ ಸಪ್ಪೆ ಚರಗ.

ಆಮೇಲೆ ಹೊಲ ಲೇಔಟ್ ಆಯಿತು. ಮೆಕ್ಕೆಜೋಳವಿದ್ದಲ್ಲಿ ಡಾಂಬರು, ಬದುವಿದ್ದಲ್ಲಿ ಚರಂಡಿ. "ಬೆಳಿನೇ ಇಲ್ಲ, ಇನ್ನ ಚರಗ ಯಾಕವ್ವ?" ಎಂದರು ನನ್ನ ಯಜಮಾನರು. ಅತ್ತೆ ರೊಟ್ಟಿ ತಟ್ಟುತ್ತಲೇ, "ನನಗೂ ಬಸಿರಾಗೋದು ನಿಂತು ಎಷ್ಟೋ ವರ್ಷ ಆತು. ಹಸಿವು ನಿಂತೈತೇನು?" ಎಂದರು. ಅಂದಿನಿಂದ, ಮನೆ ಕಟ್ಟದೆ ಬಿದ್ದಿದ್ದ ಮೂಲೆಯ ಸೈಟೊಂದೇ ನಮ್ಮ ಹೊಲವಾಯಿತು. ಅಲ್ಲಿದ್ದ ಪಾರ್ಥೇನಿಯಂ ನಮ್ಮ ಚರಗ ಉಂಡು ಸೊಂಪಾಗಿ ಬೆಳೆಯಿತು.

ಈ ಸಲ ಹೋದರೆ ಅಲ್ಲೊಂದು ಹೊಸ ಮನೆ. ಗೇಟು, ಕ್ಯಾಮೆರಾ, ಗೇಟಿನ ಹೊರಗೂ ಟೈಲ್ಸು. ಒಂದು ಹೊಂಗೆ ಸಸಿಯ ಬುಡದಲ್ಲಿ ಮಾತ್ರ ಬೊಗಸೆಯಷ್ಟು ಮಣ್ಣು. ಅತ್ತೆ ಅಲ್ಲಿ ಚರಗದ ಬುಟ್ಟಿ ಇಳಿಸಿ, ಕೈಮುಗಿದು, ಬುಟ್ಟಿಗೆ ಕೈ ಹಾಕುವಷ್ಟರಲ್ಲಿ ಮನೆಯಾಕೆ ಹೊರಗೆ ಬಂದರು.

"ಯಾರ್ರಿ ನೀವು? ಹುಣ್ಣಿಮೆ ದಿನ ನಮ್ಮನಿ ಮುಂದೆ ಅನ್ನ ಚೆಲ್ಲಾಕ ಬಂದೀರಲ್ಲ, ಏನ್ ಮಾಟ ಇದು?"

ನನ್ನ ಯಜಮಾನರಿಗೆ ಆಗಲೇ ಕಾರಿನ ಟೈರು ಪರೀಕ್ಷಿಸುವ ತುರ್ತು ಬಂತು. ಅತ್ತೆ ಮೆತ್ತಗೆ, "ಮಾಟ ಅಲ್ಲವ್ವ, ಚರಗ. ಇದು ನಮ್ಮ ಹೊಲ ಆಗಿತ್ತು," ಎಂದರು. ಹೊಸ ಮನೆ ಕಟ್ಟಿದವರ ಮುಂದೆ ಆಡಬಾರದ ಮಾತೊಂದಿದ್ದರೆ ಅದು ಅದೇ.

"ಹೊಲ ಮಾರ್ಕೊಂಡು ಈಗ ಸಂಕಟ ಆತೇನು? ಅದ್ರಾಗ ಏನೂ ಇಲ್ಲ ಅಂದ್ರೆ ನೀವೇ ತಿಂದು ತೋರಿಸ್ರಿ."

ನಾನು ಸೆರಗು ಬಿಗಿದು ಮುಂದೆ ಬಂದೆ. ಅತ್ತೆ ಕೈಯೆತ್ತಿ ತಡೆದರು. ಬುಟ್ಟಿಯಿಂದ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡರು. ಹಲ್ಲು ಕಡಿಮೆ, ರಸ್ತೆಯಲ್ಲಿ ನಿಂತು ಬಹಳ ಹೊತ್ತು ಅಗಿದರು. ನುಂಗಿದ ಮೇಲೆ ನೋಡಿದ್ದು ಮನೆಯಾಕೆಯನ್ನಲ್ಲ, ನನ್ನನ್ನು.

"ಖರೇನೇ ಸಪ್ಪೆ ಐತವ್ವ. ಇಷ್ಟು ವರ್ಷ ಭೂಮಿತಾಯಿ ಹೆಂಗೆ ಉಂಡ್ಲೋ."

ಮದುವೆಯಾದಂದಿನಿಂದ ಈ ಒಂದು ಮಾತಿಗೆ ಕಾದಿದ್ದವಳು ನಾನು. ಇಂಥ ಜಾಗದಲ್ಲಿ ಸಿಗುತ್ತದೆಂದು ಗೊತ್ತಿದ್ದರೆ ಎಂದೋ ಸೋತುಬಿಡುತ್ತಿದ್ದೆ.

ಮನೆಯಾಕೆಯ ಮುಖ ಸಣ್ಣದಾಯಿತು. "ತಪ್ಪು ತಿಳ್ಕೋಬ್ಯಾಡ್ರಿ ಅಜ್ಜಿ. ಹೊಸಾ ಮನಿ, ಭಯ ಆಗ್ತೈತೆ. ಹಾಕ್ರಿ, ಗಿಡದ ಬುಡಕ್ಕ ಹಾಕ್ರಿ."

ಅತ್ತೆ ಬುಟ್ಟಿಗೆ ಬಟ್ಟೆ ಮುಚ್ಚಿದರು. "ಇನ್ನ ಬರೋದಿಲ್ಲ ತಾಯಿ. ಎಂಜಲಾತು."

ಮನೆಗೆ ಬಂದ ಮೇಲೆ ನಾನೇ, "ಬ್ಯಾರೆ ಕಲಸ್ತೀನಿ ಅತ್ತಿ, ಮಾಳಿಗಿ ಮ್ಯಾಲಿನ ಹೂವಿನ ಕುಂಡದಾಗೂ ಮಣ್ಣೇ ಅಲ್ರಿ ಇರೋದು?" ಎಂದೆ.

"ಅದು ನರ್ಸರಿಯಿಂದ ತಂದ ಮಣ್ಣು. ಯಾರ ಹೊಲದ್ದೋ ಏನೋ. ಆಕಿ ನಮ್ಮಾಕಿ ಅಲ್ಲ."

ಭೂಮಿತಾಯಿ ಉಪವಾಸವಿದ್ದರೂ ಮಧ್ಯಾಹ್ನವಾಗುವುದು ತಪ್ಪಲಿಲ್ಲ. ಅತ್ತೆಯೇ ಎಲೆ ಹಾಕಿ ನಮ್ಮನ್ನು ಕೂಡಿಸಿದರು. "ನೀವೂ ಕೂಡ್ರಿ ಅತ್ತಿ," ಎಂದೆ.

"ನಂದಾತಲ್ಲವ್ವ ಬೆಳಿಗ್ಗೆನೇ. ಆಕಿ ಪಾಲು ನಾನೇ ಉಂಡೆ."

ಯಜಮಾನರು ಅರ್ಧಕ್ಕೇ ಎದ್ದರು. ನನಗೂ ತುತ್ತು ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿ ಕಾಣುತ್ತಿತ್ತು. ಆದರೆ ಬೆಳಗಿನ ಜಾವದಿಂದ ಹಸಿದಿದ್ದೆ, ಕಡುಬೂ ಹದವಾಗಿ ಬಂದಿತ್ತು. ಸಾಕು ಸಾಕು ಎನ್ನುತ್ತಲೇ ಎರಡು ಸಲ ಹಾಕಿಸಿಕೊಂಡೆ. ಬಡಿಸಿದವರು ಅತ್ತೆ.