ಸಂತೋಷಕುಮಾರನ ಸುಣ್ಣದ ಸೇವೆ

ರಜೆ ಎಂದರೆ ಎಲ್ಲರೂ ಬಿಡುವಾಗಿರುತ್ತಾರೆ ಎಂದು ಸಂತೋಷಕುಮಾರ ನಂಬಿದ್ದೇ ಎಲ್ಲ ಫಜೀತಿಗೆ ಮೂಲ.

ಹುಮನಾಬಾದಿನ ಔಷಧ ಕಾರ್ಖಾನೆಯೊಂದರಲ್ಲಿ ಅವನು ರಾತ್ರಿ ಪಾಳಿಯ ಮೇಲ್ವಿಚಾರಕ. ರಾತ್ರಿಯೆಲ್ಲ ಎದ್ದಿದ್ದು, ಹಗಲು ನಿದ್ದೆ ಬಾರದೆ, ಗೂಬೆಗೂ ಅವನಿಗೂ ಇದ್ದ ವ್ಯತ್ಯಾಸ ದಿನೇ ದಿನೇ ಕಡಿಮೆಯಾಗುತ್ತಿತ್ತು. ಕಾರ್ಖಾನೆಯವರು ಹಳ್ಳಿಗಳಲ್ಲಿ ಸ್ವಯಂಸೇವೆ ಶುರು ಮಾಡಿದಾಗ ಮ್ಯಾನೇಜರ್ ಕಾಶಿರಾಮ ಸಾಹೇಬರು ಆಸೆ ತೋರಿಸಿದರು.

"ಕೊಹಿನೂರ ಹಳ್ಳಿ ಅಂಗನವಾಡಿಗಿ ಊರ ಮಂದಿ ಕಡಿಂದ ಒಂದೇ ದಿನದಾಗ ಸುಣ್ಣ ಹಚ್ಚಿಸಿ ತೋರ್ಸು. ನಿನಗ ಹಗಲು ಪಾಳಿ ಪಕ್ಕಾ."

ಸಂತೋಷಕುಮಾರ ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಯೋಜನೆ ಹಾಕಿದ. ಯಾರು ಗೋಡೆ ಕೆರೆಯಬೇಕು, ಯಾರು ಬಳಿಯಬೇಕು, ಚಹಾ ಯಾವಾಗ, ಮಳೆ ಬಂದರೇನು, ಎಲ್ಲ ಅದರಲ್ಲಿತ್ತು. ದಿನ ಮಾತ್ರ ಎಳ್ಳ ಅಮಾವಾಸ್ಯೆ. ಪೇಟೆಯಲ್ಲಿ ಹುಟ್ಟಿ ಬೆಳೆದ, ಗೇಣು ಹೊಲವಿಲ್ಲದ ಅವನಿಗೆ ಅದು ಬರೀ ಒಂದು ರಜೆ.

ಬೆಳಿಗ್ಗೆ ಬಂದಿಳಿದರೆ ಊರಿನಲ್ಲಿ ನಾಯಿ ಬಿಟ್ಟು ಬೇರೆ ಜೀವವಿಲ್ಲ. ಅಂದು ಊರಿಗೆ ಊರೇ ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಯ ಅಡುಗೆಯನ್ನು ಚರಗವೆಂದು ಚೆಲ್ಲಿ, ಅಲ್ಲೇ ಉಣ್ಣುತ್ತದೆ ಎಂಬುದು ಅವನ ಯೋಜನೆಗೆ ತಿಳಿದಿರಲಿಲ್ಲ. ಸುಣ್ಣದ ಬ್ಯಾರೆಲ್ಲನ್ನು ಅಂಗನವಾಡಿ ಮುಂದೆ ಇಳಿಸಿ, ಮಂದಿಯನ್ನು ಕರೆತರಲು ಹೊಲಕ್ಕೇ ಓಡಿದ.

ಮೊದಲು ಸಿಕ್ಕದ್ದು ಶೇವಂತಾಬಾಯಿಯ ಹೊಲ.

"ಅಮ್ಮಾ, ಜಲ್ದಿ ಬರ್ರಿ, ಸುಣ್ಣ ಹಚ್ಚಬೇಕು!"

"ಸುಣ್ಣ ಎಲ್ಲಿಗಿ ಓಡಿ ಹೋಗ್ತದ ತಮ್ಮಾ? ಅಮಾಸಿ ದಿನ ಹೊಲಕ್ಕ ಕಾಲಿಟ್ಟವ ಉಣ್ಣದೆ ಹೋಗಬಾರದು. ಕೂಡು."

ಸಜ್ಜೆ ರೊಟ್ಟಿ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಮೇಲೊಂದು ತಂಬಿಗೆ ಅಂಬಲಿ. ಕೈ ತೊಳೆದು ಏಳುವಷ್ಟರಲ್ಲಿ ಪಕ್ಕದ ಹೊಲದಿಂದ ಬಕ್ಕಪ್ಪ ಕೂಗಿದ.

"ಏನ್ರಿ ಸಾಹೇಬ್ರ, ಆ ಮುದುಕಿ ಹೊಲದಾಗ ಉಂಡ್ರಿ, ನಾ ಏನ್ ಪಾಪ ಮಾಡೀನಿ?"

"ಹೊಟ್ಟಿ ತುಂಬ್ಯಾದ್ರಿ!"

"ತುಂಬಿದ ಹೊಟ್ಟ್ಯಾಗೂ ಅಂಬಲಿಗಿ ಜಾಗಾ ಇರ್ತದ್ರಿ. ಬರ್ರಿ."

ಒಬ್ಬರಲ್ಲಿ ಉಂಡು ಇನ್ನೊಬ್ಬರಲ್ಲಿ ಒಲ್ಲೆ ಎಂದರೆ ಸುಣ್ಣ ಹಚ್ಚುವವರು ಯಾರು? ಸಂತೋಷಕುಮಾರ ಹೊಲದಿಂದ ಹೊಲಕ್ಕೆ ಉಣ್ಣುತ್ತಲೇ ಹೋದ. ಕೊನೆಗೆ ಒಂದು ಬೇವಿನ ಮರದ ಕೆಳಗೆ, ತಿಂಗಳುಗಟ್ಟಲೆ ಮುನಿಸಿಕೊಂಡಿದ್ದ ನಿದ್ದೆ ಅವನನ್ನು ಕೆಡವಿಕೊಂಡಿತು.

ಕಣ್ಣು ಬಿಟ್ಟಾಗ ಸಂಜೆ. ಅವನು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ, ಒಣಗಿದ ಜೋಳದ ಕಣಕಿಯ ಮೇಲೆ ಮಲಗಿದ್ದ. ಎದುರಿಗೆ, ಕೆಲಸ ನೋಡಲು ಬಂದ ಕಾಶಿರಾಮ ಸಾಹೇಬರು! ಹಗಲು ಪಾಳಿಯ ಆಸೆ ಮುಗಿಯಿತೆಂದುಕೊಂಡ. ಆದರೆ ಸಾಹೇಬರ ಬೆನ್ನ ಹಿಂದೆ ಅಂಗನವಾಡಿ ಹಾಲಿನಂತೆ ಬೆಳ್ಳಗೆ ನಿಂತಿತ್ತು.

ಮೀಸೆಗೂ ಸುಣ್ಣ ಹಚ್ಚಿಕೊಂಡಿದ್ದ ಬಕ್ಕಪ್ಪ ನಕ್ಕ. "ನಿಮಗ ಎಚ್ಚರಾಗಬಾರ್ದಂತ ಗದ್ದಲ ಮಾಡದೆ ಊರ ಮಂದೆಲ್ಲ ಕೂಡಿ ಹಚ್ಚೀವ್ರಿ. ನಮ್ಮ ಹೊಲದಾಗ ಉಂಡವ್ರ ಕೆಲಸ ಕೆಡಬಾರದು."

ಸಂತೋಷಕುಮಾರನ ಕಣ್ಣು ತುಂಬಿ ಬಂತು. ಅವನು ಟ್ರಾಲಿಯಿಂದ ಇಳಿದು ಕೈ ಮುಗಿದ.

"ಸರ್, ಕೆಲಸ ಆಯ್ತಲ್ರಿ. ನನ್ನ ಹಗಲು ಪಾಳಿ..."

ಸಾಹೇಬರು ಅವನ ಬೆನ್ನು ತಟ್ಟಿದರು. "ಹಗಲು ಪಾಳಿಗಿ ಯಾರರ ಸಿಗ್ತಾರೋ ಹುಚ್ಚಪ್ಪಾ! ತಾ ಮಲ್ಕೊಂಡು ಇಷ್ಟು ಮಂದಿ ಕಡಿಂದ ಕೆಲಸ ತಗಿಯಾವ ನಮಗ ರಾತ್ರಿಗೇ ಬೇಕು. ನಾಳಿಂದ ಇಡೀ ಕಾರ್ಖಾನಿದು ರಾತ್ರಿ ಪಾಳಿ ನಿಂದೇ, ಕಾಯಂ!"